ಅಮ್ಮನಿಗೆ ಒಂದೇ ಖಾನೆ

ನುಕುಅಲೋಫಾ
೮ ಮಾರ್ಚ್ ೧೯೯೯

ಪೌಲಿಆಸಿ,

ಈ ವರ್ಷದ ಚಂಡಮಾರುತಗಳನ್ನೂ ದೇವರು ದಾಟಿಸಿದ. ಅವನ ಪಾಲಿನ ಕೆಲಸ ಅವನು ಮಾಡಿದ್ದಾನೆ, ಇನ್ನು ನಮ್ಮ ಪಾಲಿನದು ನೋಡೋಣ.

ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಕಾಲು ಚಾಚಿ ಕೂತಿದ್ದೇನೆ ಎಂದು ಚರ್ಚಿನ ಹಿರಿಯರಿಗೆ ಅನ್ನಿಸಿರಬೇಕು. ಹೊರದ್ವೀಪಗಳ ಚರ್ಚುಗಳಲ್ಲಿರುವ ವಂಶಾವಳಿ ಕೇಂದ್ರಗಳನ್ನು ನೋಡಿಕೊಳ್ಳುವ ಸಲಹೆಗಾರ್ತಿಯ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಮೊಟುಹಿಹಿಯ ಕಡತ ತೆಗೆದೆ. ಅದರಲ್ಲಿ ಇದ್ದದ್ದು ಒಂದೇ ಹಾಳೆ. "ನಿರ್ದೇಶಕ: ಪೌಲಿಆಸಿ. ಸಹಾಯಕರು: ಹುಡುಕಲಾಗುತ್ತಿದೆ." ಎಲ್ಲಿ ಹುಡುಕುತ್ತಿದ್ದೀಯಪ್ಪ? ಒಂದು ಪಾತ್ರೆ ಗೆಣಸು ಬೇಯುವುದರೊಳಗೆ ನಿಮ್ಮ ದ್ವೀಪವನ್ನು ಪೂರ್ತಿ ಸುತ್ತಿ ಬರಬಹುದು.

ನಿಯಮ ಬಹಳ ಸರಳ. ಕೇಂದ್ರ ಎಷ್ಟೇ ಸಣ್ಣದಿರಲಿ, ನಿರ್ದೇಶಕನ ಜೊತೆ ಕೆಲಸ ಬಲ್ಲ ಒಬ್ಬ ಸಹಾಯಕ ಇರಬೇಕು. ಜನ ಬಂದು ಅಜ್ಜ ಮುತ್ತಜ್ಜಂದಿರ ಹೆಸರು ಹೇಳುವಾಗ ಒಬ್ಬರು ಕೇಳಿಸಿಕೊಳ್ಳಬೇಕು, ಒಬ್ಬರು ಕಂಪ್ಯೂಟರಿಗೆ ಹಾಕಬೇಕು. ಸೆಪ್ಟೆಂಬರ್ ಕೊನೆಯೊಳಗೆ ಸಹಾಯಕರು ಸಿಗದ ಕೇಂದ್ರಗಳನ್ನು ಮುಚ್ಚಿ ಕಂಪ್ಯೂಟರನ್ನು ಪಂಗಾಯ್ ಪಟ್ಟಣಕ್ಕೆ ಸಾಗಿಸುತ್ತಾರೆ. ಆಮೇಲೆ ನಿಮ್ಮೂರ ಮುದುಕರು ತಮ್ಮ ಸತ್ತವರ ಹೆಸರು ಬರೆಸಲು ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತ ಪಂಗಾಯ್‌ವರೆಗೂ ಹೋಗಬೇಕು.

ನಿನ್ನ ಅಪ್ಪನ ಅಕ್ಕ ಹೇಳುತ್ತಿದ್ದೇನೆ. ಇಲ್ಲ ಅನ್ನುವ ಅಧಿಕಾರ ನಿನಗಿಲ್ಲ ಎಂದು ನೆನಪಿಸಬೇಕಾಗಿಲ್ಲ.

ನಿನ್ನ ಸೋದರತ್ತೆ,
ಇಲೈಸಾನೆ


ಮೊಟುಹಿಹಿ
೨೯ ಮಾರ್ಚ್ ೧೯೯೯

ಪೂಜ್ಯ ಅತ್ತೆಯವರ ಪಾದಗಳಿಗೆ,

ದೇವರ ದಯೆಯಿಂದ ಸಮುದ್ರ ಶಾಂತವಾಗಿದೆ, ನಿಮ್ಮ ಪತ್ರ ಒದ್ದೆಯಾಗದೆ ಬಂದು ತಲುಪಿತು. ಓದಿ ಬಹಳ ಸಂತೋಷವಾಯಿತು. ಎರಡನೆಯ ಸಲ ಓದಿದಾಗ ಸಂತೋಷ ಸ್ವಲ್ಪ ಕಡಿಮೆಯಾಯಿತು.

ಅತ್ತೆ, ನಾನು ಇಲ್ಲ ಅನ್ನುತ್ತಿಲ್ಲ. ಆದರೆ ನಡೆದದ್ದನ್ನು ನಿಮ್ಮ ಮುಂದಿಡುತ್ತೇನೆ. ಮೊದಲು ಊರಿನ ಗಂಡಸರನ್ನು ಕೇಳಿದೆ. ಅವರ ಬೆರಳುಗಳು ಬಲೆ ಎಳೆದು ಎಳೆದು ದಪ್ಪವಾಗಿವೆ, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಪಾದ್ರಿಯವರ ಮುತ್ತಜ್ಜನ ಹೆಸರು ಈಗ ಪರದೆಯ ಈ ತುದಿಯಿಂದ ಆ ತುದಿಯವರೆಗೂ ಇದೆ. ಆಮೇಲೆ ನನ್ನ ಹೆಂಡತಿ ಸೀನಿಯನ್ನು ಕೂರಿಸಿದೆ. ಅವಳು ಅರ್ಧ ದಿನ ಕೂತು ಎದ್ದು ಬಿಟ್ಟಳು. "ಮನೇಲಿ ದಿನಾ ನಿಮ್ಮ ಮುಖ ನೋಡೋದು ಸಾಲದು ಅಂತ ಇಲ್ಲೂ ಬಂದು ನೋಡ್ಲಾ?" ಎಂದಳು.

ಈ ಊರಲ್ಲಿ ಟೈಪ್ ಮಾಡಲು ಬರುವುದು ಇಬ್ಬರಿಗೆ. ಒಬ್ಬ ನಾನು. ಇನ್ನೊಬ್ಬರು ಪಂಗಾಯ್ ಶಾಲೆಯ ಕಚೇರಿಯಲ್ಲಿ ದುಡಿದು ಬಂದ ಫುಸಿ ಅಕ್ಕ. ನಾನು ಎರಡು ಬೆರಳಲ್ಲಿ ಮಾಡುವುದನ್ನು ಅವರು ಹತ್ತು ಬೆರಳಲ್ಲಿ ಮಾಡುತ್ತಾರೆ. ಆದರೆ ಅವರು ನನ್ನ ಅಕ್ಕ. ಚರ್ಚಿನ ಹಿಂದೆ ಕುರ್ಚಿಗಳನ್ನು ಪೇರಿಸಿಡುತ್ತಿದ್ದ ಆ ಕೋಣೆಯನ್ನು ನೀವು ನೋಡಿದ್ದೀರಿ. ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ದೊಡ್ಡವರಾದ ಮೇಲೆ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂರಬಾರದೆಂಬ ನಮ್ಮ ಕಟ್ಟಳೆ ಇರುವಾಗ ಅಲ್ಲಿ ಒಟ್ಟಿಗೆ ಕೂರುವುದು ಹೇಗೆ?

ಕೂತೆವು ಎಂದೇ ಇಟ್ಟುಕೊಳ್ಳಿ. ಅಲ್ಲಿ ಓದಬೇಕಾದದ್ದು ಏನು? ಯಾರಿಗೆ ಯಾವಾಗ ಮದುವೆಯಾಯಿತು, ಯಾರಿಗೆ ಯಾವಾಗ ಮಗು ಹುಟ್ಟಿತು. ನಮ್ಮೂರಲ್ಲಿ ಈ ಎರಡು ತಾರೀಖುಗಳ ನಡುವೆ ಎಲ್ಲ ಮನೆಯಲ್ಲೂ ಬೇಕಾದಷ್ಟು ತಿಂಗಳಿಲ್ಲ. ಅಕ್ಕನ ಎದುರಿಗೆ ಅದನ್ನು ಓದಿ ನಾನು ಊರಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಆದರೂ ಕಂಪ್ಯೂಟರ್ ಹೋಗಬಾರದು ಅತ್ತೆ. ಅದು ಬಂದ ದಿನ ಇಡೀ ಊರು ಮರ್ಯಾದೆಗೆಂದು ಸೊಂಟಕ್ಕೆ ಚಾಪೆ ಕಟ್ಟಿಕೊಂಡು ಹೋಗಿ ದಡದಲ್ಲಿ ಬರಮಾಡಿಕೊಂಡಿತ್ತು. ಈಗ ಅದನ್ನು ಯಾವ ಮುಖ ಇಟ್ಟುಕೊಂಡು ಬೀಳ್ಕೊಡಲಿ?

ನಿಮ್ಮ ವಿಧೇಯ ಸೋದರಳಿಯ,
ಪೌಲಿಆಸಿ


ನುಕುಅಲೋಫಾ
೧೨ ಏಪ್ರಿಲ್ ೧೯೯೯

ಪೌಲಿಆಸಿ,

ಪಾದಗಳಿಗೆ ಎಂದು ಬರೆದು ತಲೆ ತಿನ್ನುವುದನ್ನು ಯಾರಿಂದ ಕಲಿತೆ? ನಿನ್ನ ಅಪ್ಪನಿಗೂ ಇದೇ ಗುಣವಿತ್ತು.

ಒಟ್ಟಿಗೆ ಕೂರಿ ಎಂದು ನಾನು ಎಲ್ಲಿ ಹೇಳಿದೆ? ಫುಸಿ ಮಂಗಳವಾರ ಬರಲಿ, ನೀನು ಗುರುವಾರ ಬಾ. ಮಂಗಳವಾರ ಬಂದವರ ಮಾತು ಕೇಳಿಸಿಕೊಳ್ಳಲು ಅವಳ ಮಗಳು ಟೋಕಿಲುಪೆ ಕೂರಲಿ, ಗುರುವಾರ ಸೀನಿ ಹೇಗೂ ನಿನ್ನ ಮುಖ ನೋಡಲೇಬೇಕು. ಫುಸಿಯ ಮೇಲೆ ನನ್ನ ಮಾತು ನಡೆಯುವುದಿಲ್ಲ, ಅವಳ ಅಪ್ಪ ನನ್ನ ತಮ್ಮನಲ್ಲ. ಆದ್ದರಿಂದ ನೀನು ವಿನಯದಿಂದ ಕೇಳು. ವಿನಯ ನಿನ್ನ ಹತ್ತಿರ ಹೇರಳವಾಗಿದೆ ಎಂದು ಹೋದ ಪತ್ರದಲ್ಲಿ ನೋಡಿದೆ.

ಮೊದಲು ನಿಮ್ಮ ನಿಮ್ಮ ಮನೆಯವರನ್ನೇ ಕಂಪ್ಯೂಟರಿಗೆ ಹಾಕಿ ಕೈ ಪಳಗಿಸಿಕೊಳ್ಳಿ. ಆಮೇಲೆ ಊರು.

ಇಲೈಸಾನೆ ಅತ್ತೆ


ಮೊಟುಹಿಹಿ
೧೪ ಜೂನ್ ೧೯೯೯

ಪೂಜ್ಯ ಅತ್ತೆಯವರಿಗೆ,

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಮ್ಮನ್ನು ಇಟ್ಟಿರುವ ರೀತಿಯನ್ನು ಕೆಳಗೆ ಬರೆಯುತ್ತೇನೆ.

ನಿಮ್ಮ ಏರ್ಪಾಡು ಆರು ವಾರ ಹೂವೆತ್ತಿದ ಹಾಗೆ ನಡೆಯಿತು. ಕೋಣೆಯ ಕೀಲಿಯನ್ನು ಕೈಯಿಂದ ಕೈಗೆ ಕೊಡದೆ ದೀವಿ ಹಲಸಿನ ಮರಕ್ಕೆ ಮೊಳೆ ಹೊಡೆದು ತೂಗು ಹಾಕುತ್ತಿದ್ದೆವು. ಮಂಗಳವಾರ ಅಕ್ಕ ಊರ ಬಡಗಣ ಬದಿಯ ಸತ್ತವರನ್ನೆಲ್ಲ ಹಾಕಿ ಮುಗಿಸಿದರು. ಗುರುವಾರ ನಾನು ಅವರು ಹಾಕಿದ್ದನ್ನು ನೋಡಿ ಬೆರಗಾಗುತ್ತ ಕೂರುತ್ತಿದ್ದೆ. ಆಮೇಲೆ ನೀವು ಹೇಳಿದ ಹಾಗೆ ನಮ್ಮ ಮನೆಯನ್ನು ಹಾಕಲು ಹೊರಟೆ. ಎಡವಟ್ಟಾದದ್ದು ಅಲ್ಲಿ.

ನಮಗೆ ಇಬ್ಬರು ಅಮ್ಮಂದಿರು ಎಂದು ನಿಮಗೆ ಗೊತ್ತು. ಮಾಲಿಆ ಅಮ್ಮ ದೊಡ್ಡವರು, ವಿಕಾ ಅಮ್ಮ ಅವರ ತಂಗಿ. ಅಪ್ಪಂದಿರು ಬೇರೆ ಬೇರೆ, ಆದರೆ ಒಂದೇ ಅಂಗಳ, ಒಂದೇ ಒಲೆ. ಅಕ್ಕನನ್ನು ಹೆತ್ತವರು ಮಾಲಿಆ ಅಮ್ಮ, ನನ್ನನ್ನು ಹೆತ್ತವರು ವಿಕಾ ಅಮ್ಮ. ಇದು ನನಗೆ ಗೊತ್ತಾದದ್ದೇ ಶಾಲೆಗೆ ಸೇರಿದ ಮೇಲೆ, ಅದನ್ನು ಯಾರೂ ಅಷ್ಟು ದೊಡ್ಡ ಸುದ್ದಿ ಎಂದುಕೊಂಡಿರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಅಮ್ಮನಿಗೆ ಒಂದೇ ಖಾನೆ. ಹೆತ್ತವಳು ಯಾರು ಎಂದು ಅದು ಕೇಳಿತು, ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಕೆಳಗೆ ಇನ್ನೊಂದು ಗುಂಡಿ ಇತ್ತು, ಇಬ್ಬರ ನಡುವಿನ ಸಂಬಂಧ ತೋರಿಸುವುದು. ಅದು ಏನು ಮಾಡುತ್ತದೆ ನೋಡೋಣ ಎಂದು ಅಕ್ಕನ ಹೆಸರೂ ನನ್ನ ಹೆಸರೂ ಹಾಕಿ ಒತ್ತಿದೆ. ಇಂಗ್ಲಿಷಿನಲ್ಲಿ ಒಂದು ಪದ ಬಂತು: ಕಸಿನ್.

"ಕಸಿನ್ ಅಂದ್ರೆ ಯಾವ ಮೀನು?" ಎಂದು ಸೀನಿ ಕೇಳಿದಳು. ನಮ್ಮ ಮಾತಿನಲ್ಲಿ ಆ ಪದವೇ ಇಲ್ಲವಲ್ಲ. ಅಷ್ಟರಲ್ಲಿ ಜನರೇಟರಿನ ಎಣ್ಣೆ ಮುಗಿಯುತ್ತ ಬಂತು, ಗಡಿಬಿಡಿಯಲ್ಲಿ ಅದನ್ನು ಉಳಿಸಿಟ್ಟು ಮನೆಗೆ ಹೋದೆ.

ಮಂಗಳವಾರ ಅಕ್ಕ ಬಂದು ಕಂಪ್ಯೂಟರ್ ತೆರೆದಾಗ ಮೊದಲು ಕಂಡದ್ದೇ ಅದು. ಇಂಗ್ಲಿಷ್ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಗುರುವಾರ ನಾನು ಹೋದರೆ ಮೊಳೆಯಲ್ಲಿ ಕೀಲಿ ಇರಲಿಲ್ಲ. ಟೋಕಿಲುಪೆಯನ್ನು ಕೇಳಿದೆ. ಅವಳು ನೆಲ ನೋಡುತ್ತ, "ಕಸಿನ್‌ಗಳಿಗೆಲ್ಲ ಕೀಲಿ ಕೊಡೋ ಪದ್ಧತಿ ನಮ್ಮನೇಲಿಲ್ಲ ಅಂತ ಹೇಳು ಅಂದ್ರು ಅಮ್ಮ," ಎಂದಳು.

ಅತ್ತೆ, ಅಕ್ಟೋಬರಿನಲ್ಲಿ ಟೋಕಿಲುಪೆಯ ಮದುವೆ. ಸೋದರಮಾವನಾಗಿ ನಿಲ್ಲಬೇಕಾದವನು ನಾನು. ಕಂಪ್ಯೂಟರ್ ಬೇಕಾದರೆ ಹೋಗಲಿ. ನನ್ನ ಅಕ್ಕ ನನಗೆ ಬೇಕು. ಏನು ಮಾಡಲಿ ಹೇಳಿ.

ನಿಮ್ಮ,
ಪೌಲಿಆಸಿ


ನುಕುಅಲೋಫಾ
೨೮ ಜೂನ್ ೧೯೯೯

ಪೌಲಿಆಸಿ,

ಇಷ್ಟಕ್ಕೆ ಇಷ್ಟೊಂದು ರಂಪವೇ? ಕಂಪ್ಯೂಟರ್ ತಪ್ಪು ಹೇಳಿಲ್ಲ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ಹೇಳುತ್ತಿದ್ದೇನೆ, ಆ ಭಾಷೆಯಲ್ಲಿ ತಾಯಿಯ ಅಕ್ಕನ ಮಗಳನ್ನು ಕಸಿನ್ ಎಂದೇ ಅನ್ನುವುದು. ದಾಖಲೆ ದಾಖಲೆಯ ಹಾಗಿರಬೇಕು.

ನಿಜ ಹೇಳಬೇಕೆಂದರೆ ಇದರಿಂದ ನಿನ್ನ ತೊಂದರೆ ತಾನಾಗಿಯೇ ಬಗೆಹರಿಯಿತು. ನೀವಿಬ್ಬರೂ ಅಕ್ಕ ತಮ್ಮಂದಿರಾದರೆ ಒಂದೇ ಕೋಣೆಯಲ್ಲಿ ಕೂರುವಂತಿಲ್ಲ. ಕಸಿನ್‌ಗಳಾದರೆ ಯಾವ ಅಡ್ಡಿಯೂ ಇಲ್ಲ. ಇಬ್ಬರೂ ಒಂದೇ ದಿನ ಬಂದು ಒಟ್ಟಿಗೆ ಕೂತು ಕೆಲಸ ಮಾಡಿ. ಈ ಪತ್ರವನ್ನು ಫುಸಿಗೂ ಕಳಿಸು, ಓದಿದವಳು, ಅರ್ಥ ಮಾಡಿಕೊಳ್ಳುತ್ತಾಳೆ.

ಇಲೈಸಾನೆ ಅತ್ತೆ


ಮೊಟುಹಿಹಿ
೧೯ ಜುಲೈ ೧೯೯೯

ಮಾನ್ಯ ಸಲಹೆಗಾರ್ತಿ ಇಲೈಸಾನೆ ಅವರಿಗೆ,

ನೀವು ನನಗೆ ಬರೆದವರಲ್ಲ. ಆದರೆ ನಿಮ್ಮ ಪತ್ರ ನನ್ನ ಮನೆಗೆ ಬಂದದ್ದರಿಂದ ಉತ್ತರ ನಾನೇ ಕೊಡಬೇಕಾಗಿದೆ. ನಾನು ಓದಿದವಳು, ಅರ್ಥ ಮಾಡಿಕೊಂಡಿದ್ದೇನೆ.

ನನ್ನ ಅಮ್ಮಂದಿರು ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. ನಡುವೆ ನಾವು. ಪೌಲಿಆಸಿ ಹುಟ್ಟಿದಾಗ ವಿಕಾ ಅಮ್ಮನಿಗೆ ಜ್ವರ ಬಂದು ಹಾಲು ಬತ್ತಿತು. ನಾನಿನ್ನೂ ಎದೆ ಬಿಟ್ಟಿರಲಿಲ್ಲ. ಮಾಲಿಆ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಅವನನ್ನು ಎತ್ತಿಕೊಂಡರು. ನಾನು ಅವನ ಕಾಲು ಕಚ್ಚಿದೆನಂತೆ. ಇಷ್ಟರ ಮೇಲೂ ಅವನು ನನ್ನ ತಮ್ಮನಲ್ಲವಾದರೆ ಅಷ್ಟು ಹಾಲು ಕುಡಿದವನು ಯಾರು ಎಂದು ನಿಮ್ಮ ಕಂಪ್ಯೂಟರನ್ನೇ ಕೇಳಿ ತಿಳಿಸಿ.

ನೀವು ಬರೆದದ್ದು ಈಗ ಊರಿಗೆಲ್ಲ ಗೊತ್ತು. ನಾನು ಹೇಳಲಿಲ್ಲ, ದೋಣಿಯವನಿಗೆ ಓದಲು ಬರುತ್ತದೆ. ಇಲ್ಲೊಬ್ಬ ಹುಡುಗ ತನ್ನ ಚಿಕ್ಕಮ್ಮನ ಮಗಳ ಹೆಸರು ಹೇಳಿ, "ಅವಳು ಬರೀ ಕಸಿನ್ ತಾನೆ, ಮದುವೆ ಆಗಬಹುದಾ?" ಎಂದು ಪಾದ್ರಿಯವರನ್ನು ಕೇಳಿದ್ದಾನೆ. ಪಾದ್ರಿಯವರು ಭಾನುವಾರದ ಉಪದೇಶವನ್ನು ಅದಕ್ಕೇ ಮೀಸಲಿಟ್ಟರು. ನಮ್ಮ ಮಧ್ಯಾಹ್ನದ ಊಟ ಒಲೆಯಲ್ಲೇ ಕರಿಕಾಯಿತು.

ಕೋಣೆಯ ಕೀಲಿ ನನ್ನ ಹತ್ತಿರ ಭದ್ರವಾಗಿದೆ. ಆ ಪದ ಅಲ್ಲಿಂದ ಹೋಗುವವರೆಗೂ ಭದ್ರವಾಗಿಯೇ ಇರುತ್ತದೆ. ಅಕ್ಟೋಬರಿನಲ್ಲಿ ನನ್ನ ಮಗಳ ಮದುವೆ, ನೀವು ಬರಬೇಕು. ಸೋದರಮಾವನ ಜಾಗ ಮಾತ್ರ ಖಾಲಿ ಇರುತ್ತದೆ. ಕಸಿನ್‌ಗಳು ಹಿಂದಿನ ಸಾಲಿನಲ್ಲಿ ಕೂರಬಹುದು.

ಗೌರವಪೂರ್ವಕವಾಗಿ,
ಫುಸಿ


ಮೊಟುಹಿಹಿ
೨ ಆಗಸ್ಟ್ ೧೯೯೯

ಅತ್ತೆ,

ನಿಮ್ಮ ಪತ್ರವನ್ನು ಅಕ್ಕನಿಗೆ ಕಳಿಸು ಅಂದಿರಿ, ಕಳಿಸಿದೆ. ಇನ್ನು ಮುಂದೆ ನೀವು ಹೇಳಿದ್ದನ್ನೆಲ್ಲ ತಕ್ಷಣ ಮಾಡುವ ಮೊದಲು ಒಂದು ದಿನ ಯೋಚಿಸಲು ಅಪ್ಪಣೆ ಬೇಡುತ್ತೇನೆ.

ಟೋಕಿಲುಪೆಯ ವಿಷಯ ಹೇಳುತ್ತೇನೆ. ಅವಳು ನನ್ನ ಅಕ್ಕನ ಮಗಳು, ನಮ್ಮ ಪದ್ಧತಿಯಂತೆ ನನ್ನದೆಲ್ಲ ಅವಳದು. ನಡೆಯಲು ಕಲಿತಾಗಿನಿಂದ ನನ್ನ ಮನೆಯಿಂದ ಬೇಕಾದ್ದನ್ನು ಕೇಳದೆ ಎತ್ತಿಕೊಂಡು ಹೋದವಳು. ಕೋಳಿ, ಲಾಟೀನು, ಸೀನಿಯ ಬಾಚಣಿಗೆ. ಒಮ್ಮೆ ನಾನು ಮಲಗಿದ್ದ ಚಾಪೆಯನ್ನೇ ಎಳೆದುಕೊಂಡು ಹೋದಳು. ಆಗೆಲ್ಲ ಬೈಯುತ್ತಿದ್ದೆ. ಮೊನ್ನೆ ಅಂಗಳದ ಹೊರಗೆ ನಿಂತು, "ಒಂದು ತೆಂಗಿನಕಾಯಿ ತಗೊಳ್ಳಬಹುದಾ?" ಎಂದಳು. ಕೇಳಿದಳು ಅತ್ತೆ. ನನ್ನ ಸೋದರ ಸೊಸೆ ನನ್ನನ್ನು ಕೇಳಿದಳು.

ನಾನು, "ಯಾಕವ್ವ, ಕಾಯಿ ಎಲ್ಲಿದೆ ಅಂತ ನಿಂಗೊತ್ತಿಲ್ವಾ?" ಎಂದೆ. "ಕೇಳಿ ತಗೊಂಡ್ ಬಾ ಅಂದಿದಾರೆ ಅಮ್ಮ," ಎಂದು ಕಣ್ಣು ಒರೆಸಿಕೊಂಡು ಹೋದಳು. ಕಾಯಿ ಅಲ್ಲೇ ಉಳಿಯಿತು.

ಅವಳ ಮದುವೆಗೆಂದೇ ಸಾಕಿದ ಹಂದಿ ಒಂದಿದೆ. ಏನೂ ಕೆಲಸ ಮಾಡದೆ ತಿನ್ನುತ್ತದೆ ಎಂದು ಸೀನಿ ಅದನ್ನು ಮಂತ್ರಿ ಎಂದು ಕರೆಯುತ್ತಾಳೆ. ಈಗ ಅದರ ಹೊಟ್ಟೆ ನೆಲಕ್ಕೆ ತಾಗುತ್ತಿದೆ. ನಾನೇ ಹೊಡೆದುಕೊಂಡು ಹೋಗಿ ಅಕ್ಕನ ಅಂಗಳದಲ್ಲಿ ಬಿಟ್ಟು ಬಂದೆ. ಸಂಜೆಗೆ ಅದು ಹಿಂದಕ್ಕೆ ಬಂತು, ಕೊರಳಿಗೆ ಹೊಸ ಹಗ್ಗ ಕಟ್ಟಿತ್ತು. ಊರಲ್ಲಿ ನನ್ನ ಜೊತೆ ಮಾತಾಡುವುದು ಈಗ ಆ ಮಂತ್ರಿಯೊಂದೇ.

ಪೌಲಿಆಸಿ


ನುಕುಅಲೋಫಾ
೧೬ ಆಗಸ್ಟ್ ೧೯೯೯

ಮಗೂ ಪೌಲಿಆಸಿ,

ಫುಸಿಯ ಪತ್ರವನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಮೂರನೆಯ ದಿನ ಕಚೇರಿಗೆ ಹೋಗಿ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಹಿಡಿದೆ. "ಈ ದಾಖಲೆಯಲ್ಲಿ ಒಬ್ಬ ಮನುಷ್ಯನಿಗೆ ಎಷ್ಟು ಅಮ್ಮಂದಿರು ಇರಬಹುದು?" ಎಂದು ಕೇಳಿದೆ. ಅವನು ನನ್ನನ್ನು ಕೂರಿಸಿ ನೀರು ಕೊಟ್ಟ. ಆಮೇಲೆ ತೋರಿಸಿದ. ದತ್ತು ಹೋದವರಿಗೆ, ಬೇರೆ ಮನೆಯಲ್ಲಿ ಬೆಳೆದವರಿಗೆ ಎಂದು ಸಾಕಿದ ಅಪ್ಪ ಅಮ್ಮಂದಿರನ್ನು ಸೇರಿಸುವ ಗುಂಡಿಯೊಂದು ಒಳಗೆಲ್ಲೋ ಅಡಗಿದೆ. ಎಲ್ಲಿ ಒತ್ತಬೇಕೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅದು ಸರಿಯಾದ ಪದವಲ್ಲ, ಮಾಲಿಆ ನಿನ್ನನ್ನು ದತ್ತು ತಗೊಂಡವಳೇನಲ್ಲ. ಆದರೂ ಸೇರಿಸಿದರೆ ಮಕ್ಕಳೆಲ್ಲ ಒಂದೇ ಗೆರೆಯ ಕೆಳಗೆ ಬರುತ್ತಾರೆ.

ಇನ್ನೊಂದು ಮಾತು. ನನ್ನ ತಮ್ಮ, ನಿನ್ನ ಅಪ್ಪ, ನನ್ನ ಮನೆಯೊಳಗೆ ಒಂದು ದಿನವೂ ಕೂತವನಲ್ಲ. ಹೊಸ ಗೆಣಸು ಅಗೆದಾಗ, ಮೀನು ಚೆನ್ನಾಗಿ ಸಿಕ್ಕಾಗ, ಕಿಟಕಿಯ ಹೊರಗೆ ಬಂದು ನಿಲ್ಲುತ್ತಿದ್ದ. ಒಳಗೆ ನಾನು ಬೆನ್ನು ಹಾಕಿ ಚಾಪೆ ಹೆಣೆಯುತ್ತಿದ್ದೆ. ಅವನ ಮುಖ ನಾನು ನೋಡುತ್ತಿರಲಿಲ್ಲ, ಆದರೆ ಊರಿನ ಸುದ್ದಿಯೆಲ್ಲ ಆ ಕಿಟಕಿಯಿಂದಲೇ ಬರುತ್ತಿತ್ತು. ಅವನು ತೀರಿಕೊಂಡ ಮೇಲೆ ನಾನು ನುಕುಅಲೋಫಾಕ್ಕೆ ಬಂದದ್ದು ಆ ಕಿಟಕಿಯ ಎದುರು ಕೂರಲಾಗದೆ. ನಗರಕ್ಕೆ ಬಂದು ಬಹಳ ದಿನವಾಯಿತು, ಇದನ್ನು ಮರೆತು ನಿಮಗೆ ಅಂಥ ಪತ್ರ ಬರೆದೆ.

ಆ ಕೋಣೆಗೆ ಕಿಟಕಿ ಇದೆಯೇ?

ನಿನ್ನ ಅತ್ತೆ,
ಇಲೈಸಾನೆ


ಮೊಟುಹಿಹಿ
೨೭ ಸೆಪ್ಟೆಂಬರ್ ೧೯೯೯

ಪ್ರೀತಿಯ ಅತ್ತೆಗೆ,

ಕಿಟಕಿ ಇದೆ. ಚರ್ಚಿನ ಹಿಂಬದಿಗೆ, ಸರಿಯಾಗಿ ದೀವಿ ಹಲಸಿನ ಮರದ ಎದುರಿಗೆ.

ನಿಮ್ಮ ಪತ್ರ ಬಂದ ಮೇಲೆ ಮಂಗಳವಾರ ಸೊಂಟಕ್ಕೆ ದೊಡ್ಡ ಚಾಪೆ ಕಟ್ಟಿಕೊಂಡು, ಸಾವಿನ ಮನೆಗೆ ಹೋಗುವವನ ಹಾಗೆ ಹೋಗಿ ಆ ಮರದ ಬುಡದಲ್ಲಿ ಕೂತೆ. ಅಕ್ಕ ಬರುತ್ತಾರೆ ಎಂದು ಗೊತ್ತಿತ್ತು. ಕೋಣೆ ಬೀಗ ಹಾಕಿದ್ದರೂ ಕಂಪ್ಯೂಟರಿಗೆ ಧೂಳು ಕೂರಬಾರದು ಎಂದು ವಾರಕ್ಕೊಮ್ಮೆ ಒರೆಸಲು ಬರುತ್ತಿದ್ದರು. ಸಿಟ್ಟು ಇದ್ದದ್ದು ನನ್ನ ಮೇಲೆ, ಕಂಪ್ಯೂಟರಿನ ಮೇಲಲ್ಲ.

ಒಳಗೆ ಬಟ್ಟೆ ಆಡಿಸುವ ಸದ್ದು ಕೇಳಿತು. ನಾನು ಸಮುದ್ರದ ಕಡೆ ಮುಖ ಮಾಡಿ ಹೇಳಿದೆ, "ಅಕ್ಕ, ಅದರಲ್ಲಿ ಇನ್ನೊಬ್ಬ ಅಮ್ಮನಿಗೆ ಜಾಗ ಇದೆಯಂತೆ."

ಬಟ್ಟೆಯ ಸದ್ದು ನಿಂತಿತು. "ಎಷ್ಟು ಜನ ಹಿಡೀತಾರಂತೆ?" ಎಂದರು.

"ಎಷ್ಟು ಬೇಕಾದ್ರೂ."

"ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರು ಅದನ್ನ?"

"ದತ್ತು ಮಕ್ಕಳ ಹಿಂದೆ."

ಜನರೇಟರ್ ಹಾಕಿದೆ. ಹಾಳೆ ನೋಡಿ ನಾನು ಒಂದೊಂದೇ ಹೇಳುತ್ತ ಹೋದೆ, ಅಕ್ಕ ಒತ್ತುತ್ತ ಹೋದರು. ನನಗೆ ಮಾಲಿಆ ಅಮ್ಮನನ್ನು ಸೇರಿಸಿದರು. ಕಂಪ್ಯೂಟರ್ ಏನೋ ಬಡಬಡಿಸಿತು. ಅಕ್ಕ ಅದನ್ನು ನಮ್ಮ ಮಾತಿನಲ್ಲಿ ಓದಿದರು, "ಈ ವ್ಯಕ್ತಿಗೆ ಆಗಲೇ ಒಬ್ಬ ತಾಯಿ ಇದ್ದಾಳೆ, ಇನ್ನೊಬ್ಬಳನ್ನ ಸೇರಿಸೋದು ಖಂಡಿತವಾ ಅಂತ ಕೇಳ್ತಿದೆ. ಏನ್ ಹೇಳ್ಲಿ ಇದಕ್ಕೆ?"

"ಖಂಡಿತ ಅನ್ನಿ, ಅಕ್ಕ."

ಆಮೇಲೆ ಅಕ್ಕನಿಗೆ ವಿಕಾ ಅಮ್ಮನನ್ನು ಸೇರಿಸಿದರು. ಅದಕ್ಕೂ ಅದು ಕೇಳಿತು, ಅದಕ್ಕೂ ಖಂಡಿತ ಎಂದೆವು. ಕೊನೆಗೆ ಆ ಹಾಳಾದ ಗುಂಡಿಯನ್ನು ಇನ್ನೊಮ್ಮೆ ಒತ್ತಿದರು. "ಏನು ಬಂತು?" ಎಂದು ಕೇಳಿದೆ.

"ತಮ್ಮ ಅಂತ ಬಂತು," ಎಂದರು. ನನ್ನ ಹೆಸರು ಹಿಡಿದು ಕರೆಯದೆ ಅಷ್ಟೇ ಹೇಳಿದರು. ಆಮೇಲೆ ಕಂಪ್ಯೂಟರ್ ಒರೆಸುವ ಬಟ್ಟೆಯಲ್ಲೇ ಮೂಗು ಒರೆಸಿಕೊಂಡ ಸದ್ದು ಕೇಳಿತು. ಅತ್ತೆ, ನಾನೂ ಅತ್ತುಬಿಟ್ಟೆ. ಮರದ ಕಡೆ ತಿರುಗಿ ಅತ್ತೆ, ಯಾರೂ ನೋಡಲಿಲ್ಲ.

ಈಗ ಕೇಂದ್ರದ ಏರ್ಪಾಡು ಹೀಗಿದೆ, ನಿಮ್ಮ ವರದಿಗೆ ಬೇಕಾಗಬಹುದು. ಸಹಾಯಕಿ ಒಳಗೆ, ಕಂಪ್ಯೂಟರಿನ ಮುಂದೆ. ನಿರ್ದೇಶಕ ಹೊರಗೆ, ಮರದ ಕೆಳಗೆ. ಬಂದವರು ನನ್ನ ಹತ್ತಿರ ಕೂತು ತಮ್ಮ ಸತ್ತವರ ಹೆಸರು ಹೇಳುತ್ತಾರೆ, ನಾನು ಕಿಟಕಿಗೆ ಕೂಗಿ ಹೇಳುತ್ತೇನೆ. ಮದುವೆ, ಹೆರಿಗೆಗಳ ತಾರೀಖು ಬಂದಾಗ ನಾನು ದೋಣಿ ನೋಡಿಕೊಂಡು ಬರುತ್ತೇನೆಂದು ಎದ್ದು ಹೋಗುತ್ತೇನೆ, ಅಷ್ಟು ಹೊತ್ತು ಸೀನಿ ಕೂಗುತ್ತಾಳೆ. ಇಡೀ ಊರು ಬಿಟ್ಟುಹೋದ ಅಮ್ಮಂದಿರನ್ನು ಸೇರಿಸಲು ಸಾಲು ನಿಂತಿದೆ. ಪಾದ್ರಿಯವರಿಗೆ ಐದು ಅಮ್ಮಂದಿರು ಸೇರಿದ ಮೇಲೆ ಕಂಪ್ಯೂಟರ್ ಸ್ವಲ್ಪ ಹೊತ್ತು ಸ್ತಬ್ಧವಾಗಿತ್ತು, ಈಗ ಸರಿಹೋಗಿದೆ. ಕಸಿನ್‌ಳನ್ನು ಮದುವೆಯಾಗಲು ಹೊರಟಿದ್ದ ಹುಡುಗ ಪಂಗಾಯ್‌ಗೆ ಹೋಗಿ ಹೆಣ್ಣು ನೋಡುತ್ತಿದ್ದಾನೆ. ಮಳೆಗಾಲಕ್ಕೆ ನಿರ್ದೇಶಕನಿಗೆ ಒಂದು ಕೊಡೆ ಒದಗಿಸಬೇಕೆಂದು ಮೇಲಿನವರಿಗೆ ಬರೆಯಿರಿ.

ಇಷ್ಟಾದರೂ ಮದುವೆಯ ಮಾತನ್ನು ಅಕ್ಕ ಎತ್ತಿರಲಿಲ್ಲ, ಕೇಳಲು ನನಗೆ ಬಾಯಿ ಬಂದಿರಲಿಲ್ಲ. ನಿನ್ನೆ ಭಾನುವಾರ ಪ್ರಾರ್ಥನೆ ಮುಗಿಸಿ, ಉಂಡು, ಒಂದು ನಿದ್ದೆ ತೆಗೆದು ಎದ್ದು ನೋಡುತ್ತೇನೆ, ಮಂತ್ರಿ ಇಲ್ಲ. ಹಗ್ಗವೂ ಇಲ್ಲ. ಅಂಗಳದಲ್ಲಿ ಎಳೆದುಕೊಂಡು ಹೋದ ಗುರುತು ಅಕ್ಕನ ಮನೆಯ ಕಡೆಗೆ ಇತ್ತು.

"ಟೋಕಿ ಬಂದಿದ್ಲು," ಎಂದಳು ಸೀನಿ.

"ಕೇಳಿದ್ಲಾ?"

"ಏನ್ ಕೇಳೋದು? ಎಳ್ಕೊಂಡು ಹೋದ್ಲು. ಆಮೇಲೆ ಮತ್ತೆ ಬಂದು ನಿಮ್ಮ ಬಿಳೀ ಅಂಗಿನೂ ತಗೊಂಡ್ ಹೋದ್ಲು. ಮದುಮಗನಿಗಂತೆ."

ಆದ್ದರಿಂದ ಅತ್ತೆ, ಮದುವೆಗೆ ಬರುವಾಗ ನನಗೊಂದು ಅಂಗಿ ತನ್ನಿ. ಬಿಳಿಯದು, ಕುತ್ತಿಗೆ ಸ್ವಲ್ಪ ದೊಡ್ಡದಿರಲಿ. ಸೋದರಮಾವ ಬರಿಮೈಯಲ್ಲಿ ನಿಲ್ಲಬಾರದು.

ನಿಮ್ಮ ಸೋದರಳಿಯ, ಫುಸಿ ಅಕ್ಕನ ತಮ್ಮ,
ಪೌಲಿಆಸಿ